ಸ್ಕೂಟರ್ ಸೀಟಿನ ಕೆಳಗೆ ಸಿಕ್ಕಿದ್ದು

ಮಂಗಳವಾರ, ಮಧ್ಯಾಹ್ನ

ಪುಟ್ಟನ ಅಪ್ಪನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಯಾಕೆ ಅನ್ನಬೇಡಿ. ಬಾಯಿ ತೆರೆದರೆ ಕಿರುಚುತ್ತೇನೆ. ನಾನು ಕಿರುಚಿದರೆ ಪುಟ್ಟ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಪೆನ್ನು ಒತ್ತಿದ್ದಕ್ಕೆ ಕಾಗದ ಹರಿದಿದ್ದರೆ ಅಂಟಿಸಿಕೊಂಡು ಓದಿ.

ಇವತ್ತು ನೀವು ಆಫೀಸಿನ ಮ್ಯಾನೇಜರ ಕಾರಿನಲ್ಲಿ ಹೋದಿರಲ್ಲ, ದಿನಾ ನೀವು ಬಿಡುವ ಪುಟ್ಟನನ್ನು ಸ್ಕೂಟರಿನಲ್ಲಿ ನಾನೇ ಶಾಲೆಗೆ ಬಿಟ್ಟೆ. ಚೀಲ ಇಡಲು ಸೀಟು ಎತ್ತಿದರೆ ಸದ್ದು ತಡೆಯಲು ಕೊಡಿಸಿದ ಅವನ ಮೂರೂ ಹೆಡ್‌ಫೋನ್ ಅಲ್ಲೇ ಇದ್ದವು. ಶಾಲೆಯವರು ಮತ್ತೆ ಕಳೆದುಹಾಕಿದರು, ಎಂಥ ಬೇಜವಾಬ್ದಾರಿ ಎಂದು ಪ್ರತಿಸಲ ತಲೆಯಾಡಿಸಿದಿರಲ್ಲ, ನಾಟಕದವರೂ ನಿಮ್ಮ ಮುಂದೆ ಸೋಲಬೇಕು.

ಇವನಿಗೆ ಆಟಿಸಂ ಇದೆ, ಶಾಲೆಯ ಗಂಟೆ ಇವನ ಕಿವಿಗೆ ಮೊಳೆ ಹೊಡೆದ ಹಾಗೆ ಎಂದು ಡಾಕ್ಟರು ಹೇಳುವಾಗ ಪಕ್ಕದ ಕುರ್ಚಿಯಲ್ಲಿ ನೀವೂ ಇದ್ದಿರಿ. ಗೇಟಿನ ಹತ್ತಿರ ಉಳಿದ ಅಪ್ಪಂದಿರು, ಅದರಲ್ಲೂ ನಿಮ್ಮ ಮ್ಯಾನೇಜರು, ನೋಡಿಬಿಡುತ್ತಾರೆಂದು ಅವನ್ನು ಒಂದೊಂದಾಗಿ ಕಳಚಿ ಬಚ್ಚಿಟ್ಟಿರಾ? ನಾಚಿಕೆಯಾಗಬೇಕು ನಿಮಗೆ.

ನಿಮ್ಮ ಮಾತು ನಂಬಿ ನಾನು ಟೀಚರಿಗೆ ಬಾಯಿಗೆ ಬಂದಂತೆ ಬೈದೆ. ಮುಂದೇನು ಎಂದು ಇವನಿಗೆ ತಿಳಿಯಲಿ ಅಂತ ದಿನದ ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದವರು ಅವರು. ಎಲ್ಲ ಮಕ್ಕಳ ಜೊತೆಗೇ ಇವನೂ ಕಲಿಯಬೇಕೆಂದು ಹೆಡ್‌ಮೇಡಂ ಹತ್ತಿರ ಜಗಳವಾಡಿದವರೂ ಅವರೇ. ನಾನು ಬೈದದ್ದಕ್ಕೆ ಅವರು ಕಣ್ಣೊರೆಸಿಕೊಂಡರು. ಹೋದ ವಾರ ಗಂಟೆ ಹೊಡೆದಾಗ ಪುಟ್ಟ ಒಂದು ಮಗುವಿನ ಕೈ ಕಚ್ಚಿದನಲ್ಲ, ಆ ತಪ್ಪು ನಿಮ್ಮ ತಲೆಗೇ ಬರಬೇಕು. ಶುಕ್ರವಾರದಿಂದ ಅವನನ್ನು ತರಗತಿಯಿಂದ ತೆಗೆದು ಬೇರೆ ಕೋಣೆಯಲ್ಲಿ ಕೂರಿಸುತ್ತಾರಂತೆ. ಅಲ್ಲಿ ಇನ್ನೊಂದು ಮಗುವೂ ಇರುವುದಿಲ್ಲ.

ನಾಳೆ ಗೇಟಿನಲ್ಲಿ, ಎಲ್ಲರೆದುರು, ನಿಮ್ಮ ಕೈಯಾರೆ ಅವನಿಗೆ ಹೆಡ್‌ಫೋನ್ ಹಾಕಿ. ಆಮೇಲೆ ಹೆಡ್‌ಮೇಡಂ ಮುಂದೆ ನಿಜ ಹೇಳಿ, ಟೀಚರ ಕ್ಷಮೆ ಕೇಳಿ. ನಾನು ಇವತ್ತೇ ಕೇಳಿದೆ. ಆಗದಿದ್ದರೆ ಈ ಮನೆ ಕಡೆ ತಲೆ ಹಾಕಬೇಡಿ.

ಇನ್ನೂ ಕುದಿಯುತ್ತಿರುವ,
ಪುಟ್ಟನ ಅಮ್ಮ

ಮರೆತಿದ್ದೆ: ಅವನು ಕಚ್ಚಿದ್ದು ನಿಮ್ಮ ಮ್ಯಾನೇಜರ ಮಗಳ ಕೈ. ಪಕ್ಕದಲ್ಲೇ ಕೂರುತ್ತಾಳೆ. ಗಂಟೆ ಹೊಡೆಯುವ ಹೊತ್ತಿಗೆ ತನ್ನ ಎರಡೂ ಕೈಯಿಂದ ಇವನ ಕಿವಿ ಮುಚ್ಚುತ್ತಾಳಂತೆ. ಕಚ್ಚಿಸಿಕೊಂಡ ಮಾರನೆಯ ದಿನ ಬ್ಯಾಂಡೇಜು ಕಟ್ಟಿದ ಕೈಯಲ್ಲೂ ಮುಚ್ಚಿದಳಂತೆ. ಯಾರು ಹೇಳಿಕೊಟ್ಟರು ಎಂದು ಟೀಚರ್ ಕೇಳಿದ್ದಕ್ಕೆ, ನಮ್ಮಪ್ಪ, ಎಂದಳಂತೆ.