ಅತ್ತೆಯವರ ಕುರ್ಚಿ ಹೊಸದಲ್ಲ

ಮಾನ್ಯ ಸುಂಕಾಧಿಕಾರಿಗಳೇ,

ಸಕಲರಿಗೂ ತಿಳಿಯತಕ್ಕದ್ದೇನೆಂದರೆ, ಎಂಬತ್ತಾರು ವರ್ಷ ವಯಸ್ಸಿನ ನಮ್ಮ ಅತ್ತೆಯವರು ಕಳೆದ ಎಪ್ಪತ್ತೊಂದು ದಿನಗಳಿಂದ ಒಂದು ಸೂಟ್‌ಕೇಸಿನ ಮೇಲೆ ಆಸೀನರಾಗಿದ್ದಾರೆ. ಸೂಟ್‌ಕೇಸು ನೀಲಿ ಬಣ್ಣದ್ದು, ಒಂದು ಚಕ್ರ ಮುರಿದದ್ದು. ಹಿಂದೆ ರಾಜರು ಪಟ್ಟವೇರಿದರೆ ಡಂಗುರ ಸಾರಿಸುತ್ತಿದ್ದರಂತೆ. ನಮ್ಮ ಮನೆಯಲ್ಲಿ ಡಂಗುರವಿಲ್ಲ, ಆದ್ದರಿಂದ ಪತ್ರಿಕೆಯಲ್ಲಿ ಸಾರುತ್ತಿದ್ದೇನೆ. ಬೇರೆ ಕುರ್ಚಿ ಕೊಟ್ಟರೆ ಅವರು ಕೂರುವುದಿಲ್ಲ, ಕೂರಬೇಕಾದ ಕುರ್ಚಿ ಬಂದರಿನಲ್ಲಿ, ತಮ್ಮ ಗೋದಾಮಿನಲ್ಲಿದೆ. ಅದು ಹೊಚ್ಚಹೊಸ ಕುರ್ಚಿಯೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಹೊಸದಾದ್ದರಿಂದ ಸುಂಕ ಕಟ್ಟಬೇಕು, ಹಳೆಯದೆಂದು ಸುಳ್ಳು ಬರೆದುಕೊಟ್ಟದ್ದಕ್ಕೆ ದಂಡ ಕಟ್ಟಬೇಕು, ಎರಡನ್ನೂ ಕಟ್ಟದಿದ್ದರೆ ತೊಂಬತ್ತನೆಯ ದಿನ ಹರಾಜು. ನನ್ನ ಅಹವಾಲು ಎರಡೇ ಮಾತಿನದು: ಆ ಕುರ್ಚಿ ಹೊಸದಲ್ಲ, ನಾನು ಸುಳ್ಳುಗಾರನಲ್ಲ. ಮೊದಲನೆಯದನ್ನು ತಾವು ಒಪ್ಪುವುದಾದರೆ ಎರಡನೆಯದನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಹೇಳಿದ್ದು ನನಗೂ ಗೊತ್ತು. ಆದರೆ ಸ್ವಾಮಿ, ಮೊದಲು ನಮ್ಮ ಸುಖದುಃಖ ವಿಚಾರಿಸಿಕೊಂಡು ಬಂದವರು ತಾವೇ ಅಲ್ಲವೇ? ನಿವೃತ್ತರು ಬಂದು ಇಲ್ಲೇ ನೆಲೆಸಲಿ ಎಂದು ಹೊಳೆಯುವ ಕಾಗದದ ಮೇಲೆ ಹದಿನಾರು ಪುಟದ ಪುಸ್ತಿಕೆ ಅಚ್ಚು ಹಾಕಿಸಿ ದೇಶದೇಶಕ್ಕೆ ಹಂಚಿದಿರಿ. ಮುಖಪುಟದಲ್ಲಿ ನರೆತ ಗಂಡ, ನರೆತ ಹೆಂಡತಿ, ಎದುರಿಗೆ ಸಮುದ್ರ. ಇಬ್ಬರೂ ಕುರ್ಚಿಗಳಲ್ಲಿ ಕೂತಿದ್ದಾರೆ. ಆ ಎರಡು ಕುರ್ಚಿಗಳನ್ನು ಗೋದಾಮಿನಿಂದ ಬಿಡಿಸಿಕೊಂಡ ಪುಣ್ಯಾತ್ಮರು ಯಾರೋ, ಒಮ್ಮೆ ಭೇಟಿ ಮಾಡಿಸಿಕೊಡಿ, ಕಾಲಿಗೆ ಬೀಳುತ್ತೇನೆ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ, "ನಿಮ್ಮ ಮನೆಯನ್ನೇ ತನ್ನಿ, ಸುಂಕದ ಚಿಂತೆ ನಮಗಿರಲಿ" ಎಂದಿತ್ತು. ತಾವು ಮಾತಿಗೆ ತಪ್ಪಿದಿರಿ ಎನ್ನಲಾರೆ. ಚಿಂತೆಯನ್ನು ತಾವೇ ಇಟ್ಟುಕೊಂಡಿರಬಹುದು, ಸುಂಕ ಮಾತ್ರ ನಮಗೆ ಬಂದಿದೆ.

ನಾನೂ ನನ್ನ ಹೆಂಡತಿಯೂ ಆ ಸಮುದ್ರಕ್ಕೆ ಮರುಳಾದೆವು. ಅತ್ತೆಯವರು ಆಗಲಿಲ್ಲ.

"ಸಮುದ್ರ ಅಂದ್ರೆ ನೀರು ತಾನೇ? ಅದೇನು ನಲ್ಲೀಲಿ ಬರಲ್ವಾ?" ಎಂದರು.

ಒಂದು ತಿಂಗಳು ಗೋಗರೆದ ಮೇಲೆ ಒಂದೇ ಒಂದು ಷರತ್ತಿಗೆ ಇಳಿದರು. "ನನ್ನ ಕುರ್ಚಿ ಬರೋದಾದ್ರೆ ನಾನೂ ಬರ್ತೀನಿ, ಅಳಿಯಂದ್ರೇ. ಇಲ್ಲಾಂದ್ರೆ ನೀವಿಬ್ರೂ ಹೋಗಿ ಸುಖವಾಗಿರಿ, ಆಗಾಗ ಕಾಗದ ಬರೀರಿ." ನಾನು ಮಾತು ಕೊಟ್ಟೆ. ಬರಿಗೈಯಲ್ಲಿ ಕೊಡಲಿಲ್ಲ, ತಮ್ಮ ಪುಸ್ತಿಕೆಯ ಮೇಲೆ ಕೈಯಿಟ್ಟು ಕೊಟ್ಟೆ. ಹೀಗಾಗಿ ಇಲ್ಲಿ ಮುರಿದುಬಿದ್ದ ಮಾತುಗಳು ಎರಡು. ತಮ್ಮ ಮಾತಿಗೆ ಕಚೇರಿಯಿದೆ, ಮೊಹರಿದೆ, ಕಾವಲಿದೆ. ನನ್ನ ಮಾತು ಮಾತ್ರ ದಿನಾ ಬೆಳಗ್ಗೆ ಸೂಟ್‌ಕೇಸಿನ ಮೇಲೆ ಕೂತು ನನ್ನ ಮುಖ ನೋಡುತ್ತದೆ.

ಆ ಕುರ್ಚಿಯ ಚರಿತ್ರೆಯನ್ನು ತಮ್ಮ ಕಡತಕ್ಕೆ ಸೇರಿಸಿಕೊಳ್ಳಿ. ನಲವತ್ತೊಂದು ವರ್ಷದ ಹಿಂದೆ ನಮ್ಮ ಮಾವನವರು ಅದನ್ನು ಬಡಗಿಯಿಂದ ಮಾಡಿಸಿದರು. ತೇಗದ ಮರ, ಬೆತ್ತದ ಹೆಣಿಗೆ, ಅಗಲವಾದ ಎರಡು ಕೈಗಳು. ಅದಕ್ಕೆ ಪಾಲಿಶ್ ಹಾಕಲು ಹೋದವನು ನಾನು. ಅದೇ ನನ್ನ ಕಸುಬು. ಪಾಲಿಶ್ ಒಣಗಲು ಮೂರು ದಿನ ಸಾಕು, ನಾನು ಹನ್ನೊಂದು ದಿನ ಹೋಗಿದ್ದೆ. ಮನೆಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳಿದ್ದಳು. ಉಳಿದದ್ದನ್ನು ತಾವೇ ಊಹಿಸಿಕೊಳ್ಳಿ. ಮಾವನವರು ದೂರದೂರಿನ ಬಸ್ಸು ಓಡಿಸುತ್ತಿದ್ದರು. ಬಸ್ಸು ತಡವಾದ ದಿನ ಅತ್ತೆಯವರು ಕಿಟಕಿಯ ಪಕ್ಕ ಆ ಕುರ್ಚಿಯಲ್ಲಿ ಕೂತು, ಎಡಗೈ ಹೆಬ್ಬೆರಳಿನಿಂದ ಕುರ್ಚಿಯ ಕೈಯನ್ನು ತಿಕ್ಕುತ್ತ ಕಾಯುತ್ತಿದ್ದರು. ಬಸ್ಸುಗಳೋ ತಡವಾಗುವುದಕ್ಕೆಂದೇ ಹುಟ್ಟಿದವು. ವರ್ಷ ಕಳೆದಂತೆ ಆ ಜಾಗದಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ ಬಿತ್ತು. ಮಾವನವರು ತೀರಿಕೊಂಡ ಮೇಲೂ ತಿಕ್ಕುವುದು ನಿಲ್ಲಲಿಲ್ಲ. ಯಾವ ಬಸ್ಸಿಗೆ ಕಾಯುತ್ತಿದ್ದರೋ ನಾವು ಕೇಳಲಿಲ್ಲ.

ಈಗ ನಮ್ಮ ಮೂರ್ಖತನಕ್ಕೆ ಬರೋಣ. ಅದಕ್ಕೂ ತಮ್ಮ ಪುಸ್ತಿಕೆಯೇ ಆಧಾರ. ನಾಲ್ಕನೆಯ ಪುಟದಲ್ಲಿ, ಸಾಮಾನುಗಳಲ್ಲಿ ಕೊಳೆ, ಧೂಳು, ಹುಳು, ಬೂಷ್ಟು ಕಂಡುಬಂದರೆ ಅವನ್ನು ಸುಟ್ಟುಹಾಕಲಾಗುವುದು ಎಂದಿದೆ. ನನ್ನ ಹೆಂಡತಿ ಮೂವತ್ತೆರಡು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹಿರಿಯ ನರ್ಸಾಗಿದ್ದವಳು. ಕತ್ತರಿ, ಚಿಮಟಗಳನ್ನು ಕುದಿಸಿ ಕುದಿಸಿ ನಿವೃತ್ತಳಾದವಳು. ಅಂಥವಳಿಗೆ "ಕೊಳೆ ಇದ್ದರೆ ಸುಡುತ್ತೇವೆ" ಎನ್ನುವುದೂ ಒಂದೇ, ಮಂಗನಿಗೆ ಹೆಂಡ ಕುಡಿಸುವುದೂ ಒಂದೇ. (ಈ ಸಾಲನ್ನು ಅವಳು ಓದುವಷ್ಟರಲ್ಲಿ ನಾನು ಮನೆಯಲ್ಲಿರುವುದಿಲ್ಲ.)

"ರೀ, ನಮ್ಮ ಮಾನ ಹೋಗಬಾರದು ಕಣ್ರೀ. ಪರದೇಶದವರು ಪೆಟ್ಟಿಗೆ ಬಿಚ್ಚಿ ಮೂಗು ಮುಚ್ಚಿಕೋಬಾರದು" ಎಂದು ಟೊಂಕ ಕಟ್ಟಿದಳು. ಪಾತ್ರೆಗಳು ಕುದಿದವು. ಪರದೆಗಳು ಕುದಿದವು. ಒಂದು ಮರದ ಸೌಟನ್ನು ಎಷ್ಟು ಕುದಿಸಿದಳೆಂದರೆ ಅದು ಕೊನೆಗೆ ಸೊಟ್ಟಗಾಗಿ ಪ್ರಾಣ ಬಿಟ್ಟಿತು. ನಾನು, ಅತಿ ಮಾಡುತ್ತಿದ್ದೇವೆಯೋ ಏನೋ ಎಂದು, ತಮ್ಮ ಕಚೇರಿಗೇ ಫೋನ್ ಮಾಡಿ ಕೇಳಿದೆ. ಆ ಕಡೆಯ ದನಿ ಬಹಳ ಮರ್ಯಾದೆಯದು: "ಎಷ್ಟು ಚೊಕ್ಕಟವಾಗಿದ್ರೆ ಅಷ್ಟು ಒಳ್ಳೇದು ಸರ್. ನಮಗೂ ಕೆಲಸ ಸುಲಭ." ಆ ದನಿ ಯಾರದೆಂದು ನಾನು ಕೇಳುವುದಿಲ್ಲ. ತಮ್ಮ ಕಚೇರಿಯಲ್ಲಿ ನಿಜಕ್ಕೂ ಸುಲಭವಾದ ಕೆಲಸವೊಂದಿದ್ದರೆ ಅದು ಆ ದನಿಯದೇ ಇರಬೇಕು.

ಫೋನಿಟ್ಟವನು ನಾನೂ ಅಖಾಡಕ್ಕಿಳಿದೆ. ಹಳೆಯದನ್ನು ಹೊಸದು ಮಾಡುವುದನ್ನು ಬಿಟ್ಟರೆ ಜನ್ಮದಲ್ಲಿ ಬೇರೇನನ್ನೂ ಕಲಿಯದವನಿಗೆ ಸರಕಾರವೇ ಅನುಮತಿ ಕೊಟ್ಟರೆ ಕೇಳಬೇಕೇ? ಮಂಚ, ಮೇಜು, ಬೀರು ಒಂದೊಂದಾಗಿ ಮಿರಮಿರ ಮಿಂಚಿದವು. ಅತ್ತೆಯವರು ಕಣ್ಣಿನ ಡಾಕ್ಟರ ಹತ್ತಿರ ಹೋದ ಮಧ್ಯಾಹ್ನ ಕುರ್ಚಿಯನ್ನೂ ನನ್ನ ಅಂಗಡಿಗೆ ಸಾಗಿಸಿ, ಪ್ಯಾಕಿಂಗಿಗೆ ಹೋಯಿತೆಂದು ಹೇಳಿ, ಎರಡು ವಾರದಲ್ಲಿ ಅವರಿಗೆ ಗೊತ್ತಾಗದ ಹಾಗೆ ಮುಗಿಸಿದೆ. ಹೊಸ ದೇಶದಲ್ಲಿ ಬಿಚ್ಚಿದಾಗ ಬೆರಗಾಗಲಿ ಎಂಬ ಆಸೆ. ಸ್ಯಾಂಡ್‌ಪೇಪರ್ ಹೊಡೆದೆ, ಬೆತ್ತ ಹೊಸದಾಗಿ ಹೆಣೆಸಿದೆ, ಅರಗಿನ ಪಾಲಿಶ್ ಏಳು ಸಲ ಹಾಕಿದೆ. ಕುರ್ಚಿಯ ಎಡಗೈಯ ಗುಳಿಯನ್ನು ಮರದ ಪುಡಿಯೂ ಅರಗೂ ಸೇರಿಸಿ ತುಂಬಿ, ಬಣ್ಣ ಹೊಂದಿಸಿ, ಉಜ್ಜಿ ಉಜ್ಜಿ ಸಮ ಮಾಡಿದೆ. ಎಲ್ಲಿತ್ತೆಂದು ಆಮೇಲೆ ನನಗೇ ಕಾಣಲಿಲ್ಲ. ಅಂಥ ಕೆಲಸ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ ಎಂದು ಹೆಮ್ಮೆಪಟ್ಟೆ.

ಸಾಮಾನು ಬಂದರಿಗೆ ಬಂತು. ಆಗ ತಮ್ಮ ತಪಾಸಣಾಧಿಕಾರಿಗಳು ಹನ್ನೊಂದನೆಯ ಪುಟ ತೆರೆದರು. ಇರುವೆಗಳ ದಿಬ್ಬಣದಂಥ ಅಕ್ಷರಗಳಲ್ಲಿ, "ಬಳಕೆಯ ಗುರುತುಗಳು ಕಣ್ಣಿಗೆ ಕಾಣುವಂತಿರುವ ಸಾಮಾನುಗಳಿಗೆ ಮಾತ್ರ ಸುಂಕದಿಂದ ವಿನಾಯಿತಿ" ಎಂದಿತ್ತು. ಮಿಕ್ಕ ಸಾಮಾನುಗಳ ಮೇಲೆ ಹೇಗೋ ಒಂದು ಗೀರು, ಒಂದು ತಗ್ಗು ಹುಡುಕಿಕೊಂಡು ಬಿಟ್ಟುಕೊಟ್ಟರು. ಕುರ್ಚಿಯ ಮುಂದೆ ಮಾತ್ರ ಭೂತಗನ್ನಡಿ ಹಿಡಿದು ಮಂಡಿಯೂರಿದರು. ಏನೂ ಸಿಗಲಿಲ್ಲ. ನಲವತ್ತು ವರ್ಷದ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಸಿಕ್ಕಿದ್ದಿಲ್ಲ, ಪ್ರಶಸ್ತಿಯ ಜೊತೆ ದಂಡ ಕೊಡುವುದನ್ನೂ ಕಂಡದ್ದಿಲ್ಲ. ಸುಂಕ, ದಂಡ ಸೇರಿದರೆ ಮೂಗಿಗಿಂತ ಮೂಗುತಿ ಭಾರ.

"ಇದನ್ನ ಬಳಸ್ತಿದ್ದೋರು ಯಾರು? ಅವರೇ ಬಂದು ಗುರುತಿಸಲಿ" ಎಂದರು ಅಧಿಕಾರಿ.

ಅತ್ತೆಯವರನ್ನು ಕರೆದುಕೊಂಡು ಹೋದೆವು. ಗೋದಾಮಿನ ಬಾಗಿಲು ದಾಟುವಾಗ ಒಂದು ಸಂಗತಿ ಕಂಡೆ. ಬಳಕೆಯ ಗುರುತೇ ಇಲ್ಲದ ಆ ಹೊಸ ಕುರ್ಚಿಯಲ್ಲಿ ತಮ್ಮ ಕಾವಲುಗಾರರೊಬ್ಬರು ಕಾಲು ಚಾಚಿಕೊಂಡು ಕೂತಿದ್ದರು. ನಮ್ಮನ್ನು ಕಂಡು ಎದ್ದು, ಕೂತಿರಲೇ ಇಲ್ಲವೆಂಬಂತೆ ಗೋಡೆ ನೋಡತೊಡಗಿದರು. ನಾನು ದೂರು ಹೇಳುತ್ತಿಲ್ಲ. ಕುರ್ಚಿ ಇರುವುದೇ ಕೂರುವುದಕ್ಕೆ ಎಂಬುದು ತಮ್ಮ ಇಲಾಖೆಯಲ್ಲಿ ಒಬ್ಬರಿಗಾದರೂ ತಿಳಿದಿದೆಯಲ್ಲ.

"ಇದು ನಿಮ್ಮ ಕುರ್ಚೀನಾ, ಅಜ್ಜಿ?"

ಅತ್ತೆಯವರು ಕನ್ನಡಕ ಒರೆಸಿಕೊಂಡರು. ಒಂದು ಸುತ್ತು ಬಂದರು. "ಇದಾ? ಅಲ್ಲಪ್ಪ. ಇದು ಯಾರೋ ಶ್ರೀಮಂತರ ಮನೇದು."

"ಅಮ್ಮಾ!" ಎಂದಳು ನನ್ನ ಹೆಂಡತಿ. "ಸರಿಯಾಗಿ ನೋಡೇ!"

"ಸರಿಯಾಗಿ ನೋಡೇ ಹೇಳ್ತಿದೀನಿ ಕಣೇ. ಸುಳ್ಳು ಹೇಳು ಅಂತೀಯಾ? ಸರ್ಕಾರಿ ಜಾಗ ಇದು."

ಅಧಿಕಾರಿ ಬರೆದುಕೊಂಡರು. ನಾನು ಹೋಗಿ, "ಅತ್ತೆ, ಒಂದ್ಸಲ ಕೂತು ನೋಡಿ" ಎಂದೆ. ಕೂತರು. ಬೆನ್ನು ಒರಗಿತು, ತಲೆ ತನ್ನ ಜಾಗಕ್ಕೆ ಹೋಯಿತು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಎಡಗೈ ತಾನಾಗಿ ಸರಿದು, ಹೆಬ್ಬೆರಳು ಇರಬೇಕಾದಲ್ಲಿಗೆ ಬಂದು, ಅಲ್ಲಿ ಅತ್ತಿತ್ತ ಹುಡುಕಿತು. ಹುಡುಕುತ್ತಲೇ ಇತ್ತು. ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದರು.

"ತುಂಬಿಬಿಟ್ರಾ, ಅಳಿಯಂದ್ರೇ?"

ಹೌದೆಂದು ತಲೆಯಾಡಿಸಿದೆ. ಬಾಯಿ ಬಂದದ್ದು ತಮ್ಮ ಅಧಿಕಾರಿಗೆ: "ನೋಡಿ ಸರ್, ಅಜ್ಜಿಯವರೇ ಅಲ್ಲ ಅಂದ್ರಲ್ಲ. ಬರ್ಕೊಂಡಾಗಿದೆ. ಇನ್ನು ನಾನೇನು ಮಾಡಕ್ಕಾಗುತ್ತೆ?"

ಮಾನ್ಯರೇ, ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಾಲ್ಕನೆಯ ಪುಟವೂ ಹನ್ನೊಂದನೆಯ ಪುಟವೂ ಒಂದೇ ದಾರದಲ್ಲಿ ಹೊಲಿಸಿಕೊಂಡು ಇಷ್ಟು ವರ್ಷ ಒಂದೇ ಪುಸ್ತಿಕೆಯಲ್ಲಿ ಸಂಸಾರ ಮಾಡಿವೆ. ಒಂದು ದಿನವಾದರೂ ಒಂದರ ಮುಖ ಇನ್ನೊಂದು ನೋಡಿಲ್ಲವೇ? ಕೊಳಕಾಗಿದ್ದರೆ ಸುಡುತ್ತೀರಿ, ಚೊಕ್ಕಟವಾಗಿದ್ದರೆ ಸುಲಿಯುತ್ತೀರಿ. ಎಷ್ಟು ಕೊಳಕಿರಬೇಕೆಂದು ಒಂದು ಅಳತೆಯನ್ನಾದರೂ ಅಚ್ಚು ಹಾಕಿಸಬಾರದೇ? ತೊಳೆಯಿರಿ ಎಂದವರೂ ತಾವು, ತೊಳೆದದ್ದಕ್ಕೆ ಕಳ್ಳನೆಂದವರೂ ತಾವು. ಮನೆ ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ, ಎಂಬತ್ತಾರರ ಜೀವವನ್ನು ನಂಬಿಸಿ ಕರೆತಂದವನು ನಾನು. ತಮ್ಮನ್ನು ನಂಬಿದೆ ಎನ್ನುವುದೇ ನನ್ನ ಅಪರಾಧವಾದರೆ ಅದಕ್ಕೊಂದು ದಂಡ ವಿಧಿಸಿ, ತಕರಾರಿಲ್ಲ. ಕುರ್ಚಿಗೇಕೆ ಶಿಕ್ಷೆ?

ಗೋದಾಮಿನಿಂದ ಬಂದ ಮೇಲೆ ಮೂರು ದಿನ ಅತ್ತೆಯವರು ಸೂಟ್‌ಕೇಸಿನ ಮೇಲೆ ಕೂತು, ಅದರ ಪ್ಲಾಸ್ಟಿಕ್ ಹಿಡಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಪ್ಲಾಸ್ಟಿಕ್ಕಿನಲ್ಲಿ ಗುಳಿ ಬೀಳುವುದಿಲ್ಲ, ನಾನು ಬಲ್ಲೆ. ಅವರಿಗೂ ಗೊತ್ತಾಗಿತ್ತೆಂದು ಕಾಣುತ್ತದೆ. ನಾಲ್ಕನೆಯ ದಿನ ಚಹಾ ಕೊಡಲು ಹೋದಾಗ ತಾವಾಗಿ ಅಂದರು:

"ಗುಳಿ ಹೋದ್ರೆ ಹೋಯ್ತು ಬಿಡಿ. ಕುರ್ಚಿ ತಂದುಕೊಡಿ ಸಾಕು. ಇನ್ನೊಂದು ಮಾಡ್ಕೊತೀನಿ. ನನಗೇನು ಬೇರೆ ಕೆಲಸ ಇದೆಯಾ?"

ನಲವತ್ತೊಂದು ವರ್ಷದ ಕೆಲಸವನ್ನು ಎಂಬತ್ತಾರರಲ್ಲಿ ಮೊದಲಿನಿಂದ ಶುರು ಮಾಡುತ್ತೇನೆ ಎನ್ನುವವರ ಕೈಗೆ ಚಹಾದ ಲೋಟ ಕೊಟ್ಟು ಈಚೆ ಬಂದೆ.

ಆದ್ದರಿಂದ ಬೇಡಿಕೆ ಹೀಗಿದೆ. ಹರಾಜನ್ನು ನಿಲ್ಲಿಸಿ. "ಸುಳ್ಳು ಘೋಷಣೆ" ಎಂಬ ಎರಡು ಪದಗಳನ್ನು ನನ್ನ ಕಡತದಿಂದ ಹೊಡೆದುಹಾಕಿ. ತಾವೇ ಖುದ್ದಾಗಿ ಗೋದಾಮಿಗೆ ಹೋಗಿ, ಕುರ್ಚಿಯ ಎಡಗೈಯ ಪಾಲಿಶನ್ನು ಉಗುರಿನಿಂದ ಕೆರೆಯಿರಿ. ನನ್ನ ಕಸುಬಿಗೆ ಅವಮಾನವಾದರೂ ಚಿಂತೆಯಿಲ್ಲ, ಒಳಗೆ ತುಂಬಿದ ಮರದ ಪುಡಿ ಕಂಡೀತು, ಅದರಡಿಗೆ ಗುಳಿಯೂ. ಕಂಡ ಕೂಡಲೇ ಕುರ್ಚಿಯನ್ನು ಮನೆಗೆ ಕಳುಹಿಸಿ.

ಇದಕ್ಕೆಲ್ಲ ಸಹಿ, ಮೊಹರು ಬೀಳಲು ಹೊತ್ತು ಹಿಡಿಯುತ್ತದೆಂದು ಬಲ್ಲೆ. ಅಲ್ಲಿಯವರೆಗೆ ಒಂದು ಸಣ್ಣ ಉಪಕಾರವಾಗಬೇಕು. ತಮ್ಮ ಕಾವಲುಗಾರರಿಗೆ ದಿನಾ ಮಧ್ಯಾಹ್ನ ಆ ಕುರ್ಚಿಯಲ್ಲಿ ಧಾರಾಳವಾಗಿ ಕೂರಲು ಹೇಳಿ. ಬಿಸಿ ಚಹಾದ ಲೋಟವನ್ನು ಕುರ್ಚಿಯ ಬಲಗೈಯ ಮೇಲೆ ನೇರವಾಗಿ ಇಡಲಿ, ಅಡಿಗೆ ಏನೂ ಹಾಸುವುದು ಬೇಡ. ಎರಡು ವಾರದಲ್ಲಿ ತಮ್ಮ ಕಣ್ಣಿಗೆ ಬೇಕಾದ ಗುರುತು ಬಿದ್ದಿರುತ್ತದೆ. ಅದರ ಎಡಗೈಯನ್ನು ಮಾತ್ರ ಅವರು ಮುಟ್ಟದಿರಲಿ. ಅದು ಒಬ್ಬರ ಕೆಲಸ, ಅವರು ಇಲ್ಲಿ ಕಾಯುತ್ತಿದ್ದಾರೆ.

ಇಂತಿ,
ಅರವತ್ತೇಳು ವರ್ಷ ಬಳಕೆಯಾಗಿದ್ದರೂ ತಮ್ಮ ಬಂದರಿನಲ್ಲಿ ಯಾರೂ ಸುಂಕ ಕೇಳದೆ ಒಳಗೆ ಬಿಟ್ಟ,
ಒಬ್ಬ ಪಾಲಿಶ್ ಕೆಲಸದ ಅಳಿಯ