ಬಿಳಿ ಪಟ್ಟಿ ಅಂಟಿಸಿದ ಪುಟ

ಭಾನುವಾರ, ಬೆಳಗ್ಗೆ

ರೀ,

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ರಾಜಿಗೆ ಬಂದಳು ಅಂತ ಬೀಗಲೂ ಬೇಡಿ. ನೀವು ಬಾಗಿಲು ಬಡಿದು ಹೋದದ್ದನ್ನು ನಾನು ಮರೆತಿಲ್ಲ. ಆದರೆ ಮಗಳ ಸುದ್ದಿ ನಿಮಗೆ ಹೇಳದೆ ಹೋದರೆ ನನಗೆ ಅನ್ನ ಸೇರುವುದಿಲ್ಲ. ನಿನ್ನೆ ನಮ್ಮ ಚಿನಕುರುಳಿ ಇಡೀ ಕಾಲೇಜನ್ನೇ ಗೆದ್ದು ಬಂದಳು ಕಣ್ರೀ!

ಅವಳ ಎಂ.ಎ. ತರಗತಿಯಲ್ಲಿ ಒಬ್ಬೊಬ್ಬರೂ ಒಂದು ಕಾದಂಬರಿಯ ಮೇಲೆ ಪ್ರಬಂಧ ಬರೆದು ಸಭೆಯಲ್ಲಿ ಓದಬೇಕಿತ್ತು. ಎಲ್ಲರಿಗಿಂತ ಚೆನ್ನಾಗಿ ಓದಿದ ಒಬ್ಬರಿಗೆ ಮಾತ್ರ ಬರುವ ತಿಂಗಳ ದೊಡ್ಡ ಸಮ್ಮೇಳನದಲ್ಲಿ ಮಾತಾಡುವ ಅವಕಾಶ. ಆ ಒಂದು ಜಾಗಕ್ಕೆ ಇವಳು ಊಟ ನಿದ್ದೆ ಬಿಟ್ಟಿದ್ದಳು.

ಅವಳು ಆರಿಸಿಕೊಂಡದ್ದು ಮುಂದೆಂದೋ ಬರುವ ಕೆಟ್ಟ ಕಾಲದ ಕಥೆ. ಅಲ್ಲಿ ಸರ್ಕಾರ ಪುಸ್ತಕ ಹರಿಯುವುದಿಲ್ಲ, ಸುಡುವುದಿಲ್ಲ. ಬೇಡವಾದ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸುತ್ತದೆ, ಅಷ್ಟೇ. ಬರಬರುತ್ತಾ ಜನಕ್ಕೂ ಅದೇ ಹಿತವಾಗಿ, ನಮ್ಮ ಮನೆಯ ಪುಸ್ತಕಕ್ಕೂ ಅಂಟಿಸಿಕೊಡಿ ಅಂತ ತಾವಾಗಿಯೇ ಸಾಲು ನಿಲ್ಲುತ್ತಾರೆ. ಒಬ್ಬ ಮುದುಕಿ ಮಾತ್ರ ದಿನಾ ಸಂಜೆ ಕೆಟಲ್‌ನಲ್ಲಿ ನೀರು ಕಾಯಿಸುತ್ತಾಳೆ. ಅಕ್ಕಪಕ್ಕದವರು ಅವಳಿಗೆ ಚಹಾದ ಹುಚ್ಚು ಅಂದುಕೊಳ್ಳುತ್ತಾರೆ. ಅವಳು ಆವಿ ಹಿಡಿದು ಒಂದೊಂದೇ ಪಟ್ಟಿ ಬಿಡಿಸುತ್ತಿರುತ್ತಾಳೆ.

ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಇದೇ ಪಾರಾಯಣ. ಕೆಟಲ್ ಯಾವುದರ ಸಂಕೇತ, ಬಿಳಿ ಬಣ್ಣ ಯಾವುದರ ಸಂಕೇತ! ನಾನು ಹಾಲು ಉಕ್ಕಿಸಿದರೂ ಇದು ಯಾವುದರ ಸಂಕೇತಮ್ಮ ಅಂತ ಕೇಳುತ್ತಿದ್ದಳು. ನೀನು ನನ್ನ ತಲೆ ತಿಂದದ್ದರ ಸಂಕೇತ ಅನ್ನುತ್ತಿದ್ದೆ. ಕೆಟಲ್ ಅಂದರೆ ಬಂಡಾಯ ಅಂತ ಎಲ್ಲ ಗೈಡುಗಳಲ್ಲೂ ಇದೆಯಂತೆ. ಇವಳು ಒಪ್ಪಲಿಲ್ಲ, ಅದು ತಾಳ್ಮೆ ಅಂದಳು. ಸಿಟ್ಟಿನಲ್ಲಿ ಕಿತ್ತರೆ ಪಟ್ಟಿಯ ಜೊತೆ ಅಕ್ಷರವೂ ಕಿತ್ತು ಬರುತ್ತದೆ, ಆವಿ ಹಿಡಿದರೆ ಪುಟ ಉಳಿಯುತ್ತದೆ ಅಂತ ಅವಳ ವಾದ. ಯಾರ ಮಗಳು ಹೇಳಿ! ನನ್ನ ಮಗಳು. ಮೂಗೊಂದು ನಿಮ್ಮದು.

ಪ್ರಬಂಧವನ್ನು ನಾನೇ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ ಕಟ್ಟಿದೆ. ಊರವರ ಮಕ್ಕಳ ಪ್ರಬಂಧಗಳಿಗೆಲ್ಲ ರಟ್ಟು ಹಾಕಿದ ಕೈ, ಸ್ವಂತ ಮಗಳದ್ದು ಬಂದಾಗ ಎರಡೆರಡು ಸಲ ಅಳತೆ ಹಿಡಿಯಿತು. ಅವಳ ಕೈಗೆ ಅದನ್ನು ಕೊಟ್ಟದ್ದು ಸಭಾಂಗಣದ ಬಾಗಿಲಲ್ಲೇ.

ಅವಳು ನಿಂತ ಠೀವಿ ನೀವು ನೋಡಬೇಕಿತ್ತು. ಮಾತು ಅರಳು ಹುರಿದ ಹಾಗೆ. ಕೊನೆಯ ಪುಟ ತಿರುಗಿಸಿದವಳು ಗಕ್ಕನೆ ನಿಂತಳು. ಅಲ್ಲಿ ನಾಲ್ಕು ಸಾಲುಗಳ ಮೇಲೆ ಬಿಳಿ ಪಟ್ಟಿ ಅಂಟಿತ್ತು, ಥೇಟು ಕಾದಂಬರಿಯಲ್ಲಿ ಇದ್ದಂಥದ್ದೇ. ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಜಾಗ ಕೈತಪ್ಪಿತು ಅಂದುಕೊಂಡೆ.

ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಪುಟವನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಇದರ ಕೆಳಗಿನ ಸಾಲುಗಳು ತನಗೆ ಬಾಯಿಪಾಠ, ಆದರೂ ಹೇಳುವುದಿಲ್ಲ ಅಂದಳು. ಒಂದು ಸುಕ್ಕಿಲ್ಲ, ಒಂದು ಮೂಲೆ ಎದ್ದಿಲ್ಲ, ಅಂಟಿಸಿದ್ದು ಪುಸ್ತಕವನ್ನು ಪ್ರೀತಿಸುವ ಕೈಯೇ ಅಂದಳು. ಆ ಕೈಯ ಮೇಲೆ ತನಗೆ ಸಿಟ್ಟಿಲ್ಲ, ಕಾದಂಬರಿಯಲ್ಲಿ ಸಾಲು ನಿಂತವರೂ ಕೆಟ್ಟವರಲ್ಲ, ಹೆದರಿದವರು. ಹಾಗಾಗಿ ಪಟ್ಟಿ ಬಿಡಿಸಲು ಕೆಟಲ್‌ಗೆ ನೀರು ಇಡಬೇಕಾದವರೂ ಅವರೇ ಅಂದಳು. ಆ ನಾಲ್ಕು ಸಾಲು ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತು, ಇಳಿದು ಬಂದಳು.

ಚಪ್ಪಾಳೆ ಅಂದರೆ ಚಪ್ಪಾಳೆ! ಶಿಳ್ಳೆ ಹೊಡೆದವನೂ ಎದ್ದು ನಿಂತಿದ್ದ. ಜಾಗ ಅವಳಿಗೇ ಸಿಕ್ಕಿತು. ಈ ಪಟ್ಟಿಯ ಉಪಾಯ ಯಾರದ್ದಮ್ಮ ಅಂತ ಹಿರಿಯ ತೀರ್ಪುಗಾರರು ಕೇಳಿದಾಗ, ಮನೆಯವರದ್ದು ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ಮಾತ್ರ ಬಿಡಲಿಲ್ಲ. ಇಂಥವಳನ್ನು ಹೆತ್ತೆನಲ್ಲಾ ಅಂತ ನನಗೆ ಹೆಮ್ಮೆ ಒಳಗೆ ಹಿಡಿಸುತ್ತಿಲ್ಲ ರೀ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಪಟ್ಟಿ ಅಂಟಿಸಿದ್ದು ನಾನೇ. ರಟ್ಟು ಹಾಕುವಾಗ ಆ ಪುಟ ಓದಿದೆ. ನಮ್ಮ ಮನೆಯಲ್ಲೂ ಒಂದು ಪದದ ಮೇಲೆ ಬಿಳಿ ಪಟ್ಟಿ ಇದೆ, ಎರಡು ವರ್ಷದಿಂದ ಅಮ್ಮನ ಎದುರು ಅಪ್ಪ ಅನ್ನುವ ಹಾಗಿಲ್ಲ ಅಂತ ಬರೆದಿದ್ದಳು. ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ ಅಂತ ಹೆದರಿದೆ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ, ಕೈ ತಾನಾಗಿ ಮೈದಾ ಅಂಟಿನ ಡಬ್ಬಿಗೆ ಹೋಯಿತು. ಅಷ್ಟು ದಿನ ಆ ಕಥೆ ಕೇಳಿಯೂ ನಾನು ಆ ಊರಿನವಳೇ ಆಗಿಬಿಟ್ಟೆ ನೋಡಿ.

ಇವತ್ತು ಎದ್ದವಳೇ ಕೆಟಲ್‌ಗೆ ನೀರು ಇಟ್ಟೆ. ಪಟ್ಟಿ ಬಿಟ್ಟಿತು, ಒಂದು ಅಕ್ಷರವೂ ಹೋಗಿಲ್ಲ. ಸಮ್ಮೇಳನದಲ್ಲಿ ಆ ಸಾಲುಗಳನ್ನೂ ಓದುತ್ತಾಳೆ. ನೀವು ಬಂದು ಕೇಳಬೇಕು. ನನ್ನ ಪಕ್ಕದ ಕುರ್ಚಿಯಾದರೂ ಪರವಾಗಿಲ್ಲ. ಲಕೋಟೆಯ ಮೇಲೆ ವಿಳಾಸ ಬರೆಯಲು ಅವಳಿಗೇ ಕೊಟ್ಟೆ. ದೊಡ್ಡ ಅಕ್ಷರದಲ್ಲಿ ‘ಅಪ್ಪನಿಗೆ’ ಅಂತ ಬರೆದಿಟ್ಟಿದ್ದಾಳೆ. ಅಂಚೆಯವರಿಗೆ ಗೊತ್ತಾಗಬೇಕಲ್ಲ, ಕೆಳಗೆ ನಿಮ್ಮ ಹೆಸರು ನಾನು ಬರೆದೆ.