ಅಮ್ಮನ ಹೊಲಿಗೆ ಯಂತ್ರ ಹಡಗು ಹತ್ತಿದ ದಿನ

ಮಾರ್ಚ್ ೧೨, ಗುರುವಾರ

ಮಾಡಿದ್ದು ಶುದ್ಧ ಪೆದ್ದುತನ. ಆದರೂ ಯಾಕೋ ಮನಸ್ಸು ನೀರಿನ ಮೇಲಿದ್ದಂತೆ ತೇಲುತ್ತಿದೆ.

ಕಸ್ಟಮ್ಸ್‌ಗೆ ಆಮದಿನ ವಿವರ ಕಳಿಸಲು ಬಳಸುವ ನಮ್ಮ ಆಫೀಸಿನ ಡಿಜಿಟಲ್ ಸಹಿ ಇವತ್ತು ಹೊಸದಾಯಿತು. ಹಾಗಾದಾಗಲೆಲ್ಲ ಇಲ್ಲದ ಸರಕೊಂದನ್ನು ಬರೆದು, ಪರೀಕ್ಷೆಗೆಂದೇ ಇರುವ ಸಂಪರ್ಕದಲ್ಲಿ ಕಳಿಸಿ ನೋಡುವುದು ವಾಡಿಕೆ. ನಾನು ಪ್ರತಿಸಲ ಬರೆಯುವುದು ಒಂದೇ: ಹೊಲಿಗೆ ಯಂತ್ರ, ಒಂದು, ಬಳಸಿದ್ದು. ಸಮುದ್ರ ದಾಟಿ ಇಲ್ಲಿಗೆ ಬರುವಾಗ ಅಮ್ಮ ಹೊರಲಾರದೆ ಬಿಟ್ಟುಬಂದದ್ದು. ಇವತ್ತು ಮೈಮರೆತು ಅಸಲಿ ಸಂಪರ್ಕದಲ್ಲೇ ಕಳಿಸಿಬಿಟ್ಟೆ. ನಮ್ಮ ಸಹಿ ಕಂಡರೆ ಕಸ್ಟಮ್ಸ್ ಮರುಮಾತಿಲ್ಲದೆ ನಂಬುತ್ತದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ಸ್ವೀಕರಿಸಲಾಗಿದೆ.

ಮ್ಯಾನೇಜರ್ ತಲೆ ಚಚ್ಚಿಕೊಂಡರು. “ಇಲ್ಲದ ಸರಕಿಗೆ ಸಹಿ ಹಾಕಿದ್ದೀಯಲ್ಲಮ್ಮ. ನಾಳೆ ಹತ್ತು ಗಂಟೆಯೊಳಗೆ ರದ್ದಾಗದಿದ್ರೆ ನಮ್ಮ ಲೈಸೆನ್ಸಿಗೇ ಕುತ್ತು.”

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ನಗಲಿ ಅಂತ. ಅವಳು ನಗಲಿಲ್ಲ.

“ಈಗ ಎಲ್ಲಿದೆಯಂತೆ ಅದು?”

“ಕಸ್ಟಮ್ಸ್‌ನವರ ಪ್ರಕಾರ ಹಡಗಲ್ಲಿ.”

“ಉಪ್ಪುಗಾಳಿ ಅದಕ್ಕಾಗಲ್ಲ ಕಣೇ. ಎಣ್ಣೆ ಬಿಟ್ಟು ಎಷ್ಟು ವರ್ಷ ಆಯ್ತೋ.”

“ಅಮ್ಮಾ, ನಾಳೆ ರದ್ದು ಮಾಡ್ತೀನಿ.”

“ಮಾಡು, ಬೇಡ ಅಂದ್ನಾ? ಬೆಳಗ್ಗೆವರೆಗೆ ಇರ್ಲಿ ಬಿಡು.”

ಈಗ ನೀರು ಕುಡಿಯಲು ಎದ್ದಿದ್ದೆ. ಕಿಟಕಿಯ ಕೆಳಗಿದ್ದ ಹೂಕುಂಡಗಳನ್ನೆಲ್ಲ ಅಮ್ಮ ಗೋಡೆಗೆ ಸರಿಸಿದ್ದಾಳೆ. ಬೆಳಕು ಚೆನ್ನಾಗಿ ಬೀಳುವ ಕಡೆ ಒಂದು ಯಂತ್ರ ಹಿಡಿಸುವಷ್ಟು ಜಾಗ. ಅದರ ಮುಂದೆ ಸ್ಟೂಲನ್ನು ಆಗಲೇ ಇಟ್ಟಿದ್ದಾಳೆ.

ರದ್ದತಿಗೆ ಕಾರಣ ಬರೆಯಲೇಬೇಕು. ಏನಂತ ಬರೆಯಲಿ?